ರೆಸಿಪಿ ಕೇಳಬೇಡಿ, ನಿಮ್ಮದೇ ಐಪಿಎ ಕಟ್ಟಿಕೊಳ್ಳಿ

"ನಿಮ್ಮ ಐಪಿಎ ರೆಸಿಪಿ ಸ್ವಲ್ಪ ಕಳಿಸ್ತೀರಾ?" ಅಂತ ಆಗಾಗ ಯಾರಾದರೂ ಕೇಳುತ್ತಲೇ ಇರುತ್ತಾರೆ. ಐಪಿಎ ಅಂದರೆ ಹಾಪ್ಸ್ ಎಂಬ ಕಹಿ ಹೂವು ಜಾಸ್ತಿ ಹಾಕಿ ಮಾಡುವ ಬಿಯರ್, ನಾನು ಮನೆಯಲ್ಲೇ ಮಾಡುತ್ತೇನೆ. ಕಳಿಸುತ್ತೇನೆ. ಒಂದೂವರೆ ತಿಂಗಳಾದ ಮೇಲೆ ಅವರೇ ಮತ್ತೆ ಬರೆಯುತ್ತಾರೆ. ಘಮ ಬರಲಿಲ್ಲ, ಗಂಟಲು ಹಿಡಿಯುತ್ತದೆ, ಬಣ್ಣ ಯಾಕೋ ಡಿಕಾಕ್ಷನ್ ಥರ ಆಗಿದೆ. ರೆಸಿಪಿ ಅದೇ ಇತ್ತು. ನೀರು ಬೇರೆ, ಪಾತ್ರೆ ಬೇರೆ, ಹಾಪ್ಸ್ ಪ್ಯಾಕೆಟ್ ಬೇರೆ. ಅದಕ್ಕೇ ಈ ಸಲ ಶುರು ಮಾಡಲು ಒಂದು ರೆಸಿಪಿ ಕೊಡುತ್ತೇನೆ, ಜೊತೆಗೆ ಅದನ್ನು ತಿದ್ದಿ ತಿದ್ದಿ ನಿಮ್ಮದಾಗಿಸಿಕೊಳ್ಳುವುದು ಹೇಗೆ ಅಂತಲೂ ಹೇಳುತ್ತೇನೆ. ಎರಡನೆಯದೇ ಮುಖ್ಯ.

ಮೊದಲೇ ಒಂದು ಮಾತು. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು 1965ರ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಬೆಂಗಳೂರಿನ ಮೈಕ್ರೋಬ್ರೂವರಿಗಳು ಲೈಸೆನ್ಸ್ ಪಡೆದು ಮಾಡುವವು, ಅವರ ದಾರಿ ಬೇರೆ. ಹಾಗಾಗಿ ಕರ್ನಾಟಕದಲ್ಲಿರುವವರು ಇದನ್ನು ಓದಿ ಖುಷಿಪಡಿ, ಪಾತ್ರೆ ಇಡಬೇಡಿ. ಅಮೆರಿಕದಲ್ಲಿ 1978ರ ಕಾನೂನಿನಿಂದ ಮನೆಬಳಕೆಗೆ ಅವಕಾಶ ಸಿಕ್ಕಿತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200 ಗ್ಯಾಲನ್. ಬ್ರಿಟನ್ನಿನಲ್ಲೂ 1963ರಿಂದ ಸ್ವಂತ ಬಳಕೆಗೆ ಲೈಸೆನ್ಸ್ ಬೇಕಿಲ್ಲ. ಎರಡೂ ಕಡೆ ಮಾರುವ ಹಾಗಿಲ್ಲ. ಅಮೆರಿಕದಲ್ಲಿದ್ದರೆ ನಿಮ್ಮ ರಾಜ್ಯದ ನಿಯಮವನ್ನೂ ಒಮ್ಮೆ ನೋಡಿಕೊಳ್ಳಿ.

ಐಪಿಎ ಅಂದರೆ ಇಂಡಿಯಾ ಪೇಲ್ ಏಲ್. ಹೆಸರಿನಲ್ಲಿ ಇಂಡಿಯಾ ಇದೆ ಅಷ್ಟೇ. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು ಮದರಾಸು, ಬೊಂಬಾಯಿ, ಕಲ್ಕತ್ತೆಯಲ್ಲಿದ್ದ ಬ್ರಿಟಿಷರ ಹೊಟ್ಟೆ ಸೇರುತ್ತಿದ್ದ, ಹಾಪ್ಸ್ ಜಾಸ್ತಿ ಹಾಕಿದ ಬಿಯರ್ ಅದು. ನಾವು ಇಲ್ಲಿ ಮಾಡುವುದು ಅದರ ಅಮೆರಿಕನ್ ಮೊಮ್ಮಗ, ವೆಸ್ಟ್ ಕೋಸ್ಟ್ ಐಪಿಎ: ತಿಳಿ ಬಂಗಾರದ ಬಣ್ಣ, ಸಿಹಿ ಉಳಿಯದ ಬಾಯಿ, ನೇರ ಕಹಿ, ಚಕ್ಕೋತ ಸುಲಿದ ಹಾಗೆ ಘಮ. ಈಗ ಎಲ್ಲರಿಗೂ ಬೇಕಾಗಿರುವ ಮಬ್ಬು ಮಬ್ಬಾದ ಹೇಜಿ ಐಪಿಎಯಿಂದ ಶುರು ಮಾಡಬೇಡಿ. ಅದು ಚೂರು ಗಾಳಿ ತಾಗಿದರೂ ಕೆಡುತ್ತದೆ.

ಬೇಕಾದ ಸಾಮಾನು: 40 ಲೀಟರ್ ಪಾತ್ರೆ, ಧಾನ್ಯ ನೆನೆಸಲು ದೊಡ್ಡ ಬಟ್ಟೆಚೀಲ, ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಗೆ ಬಿಟ್ಟು ಹೊರಗಿನ ಗಾಳಿ ತಡೆಯುವ ಸಾಧನ) ಇರುವ 25–30 ಲೀಟರಿನ ಹುದುಗುವ ಡಬ್ಬ, ಥರ್ಮಾಮೀಟರ್, ಗ್ರ್ಯಾವಿಟಿ (ದ್ರವದ ಸಾಂದ್ರತೆ) ಅಳೆಯುವ ಹೈಡ್ರೋಮೀಟರ್, ಗ್ರಾಂ ತೋರಿಸುವ ತಕ್ಕಡಿ, ತೊಳೆಯಬೇಕಿಲ್ಲದ ಸ್ಯಾನಿಟೈಸರ್, ಒಂದು ನೋಟ್‌ಬುಕ್. ಅಡುಗೆಮನೆಯ ಎಲೆಕ್ಟ್ರಿಕ್ ಒಲೆ 25 ಲೀಟರ್ ಕುದಿಸಲು ಒದ್ದಾಡುತ್ತದೆ. ಅಂಥ ಒಲೆ ಇದ್ದರೆ ಕೆಳಗಿನ ಎಲ್ಲ ಅಳತೆಯನ್ನೂ ಅರ್ಧ ಮಾಡಿ. ಪ್ರೊಪೇನ್ ಬರ್ನರ್ ಇದ್ದರೆ ಹೊರಗಡೆ ಮಾತ್ರ ಹಚ್ಚಿ. ಗ್ಯಾರೇಜಿನಲ್ಲಿ, ಅದೂ ಬಾಗಿಲು ಹಾಕಿಕೊಂಡು, ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.

1. ಮೊದಲು ಅಂಕಿ ಬರೆಯಿರಿ

ಅಂಗಡಿಗೆ ಹೋಗುವ ಮುಂಚೆ ನಾಲ್ಕು ಅಂಕಿ ಬರೆದಿಟ್ಟುಕೊಳ್ಳಿ. ಹುದುಗುವ ಮುಂಚಿನ ಗ್ರ್ಯಾವಿಟಿ 1.060. ಹುದುಗಿದ ಮೇಲೆ 1.011. ಆಲ್ಕೋಹಾಲ್ ಸುಮಾರು 6.4%. ಕಹಿ 55ರಿಂದ 60 ಐಬಿಯು.

ಗ್ರ್ಯಾವಿಟಿ ಅಂದರೆ ನೀರಿಗಿಂತ ಈ ದ್ರವ ಎಷ್ಟು ಭಾರ ಅನ್ನುವ ಲೆಕ್ಕ. ನೀರು 1.000. ಸಕ್ಕರೆ ಕರಗಿದಷ್ಟೂ ಅಂಕಿ ಏರುತ್ತದೆ, ಯೀಸ್ಟ್ ತಿಂದಷ್ಟೂ ಇಳಿಯುತ್ತದೆ. ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೋಹಾಲ್ ಶೇಕಡಾ ಬಂತು. ಐಬಿಯು ಕಹಿಯ ಅಳತೆ. ಅಮೆರಿಕನ್ ಐಪಿಎಗೆ ಸ್ಪರ್ಧೆಗಳಲ್ಲಿ ಬಳಸುವ 2021ರ ಬಿಜೆಸಿಪಿ ಮಾರ್ಗಸೂಚಿ 40ರಿಂದ 70 ಐಬಿಯು ಅನ್ನುತ್ತದೆ. ನಾವು ನಡುವೆ ಇದ್ದೇವೆ. ಮೊದಲ ಸಲವೇ 100 ಐಬಿಯು ಅಂತ ಹೊರಡುವವರಿಗೆ ನನ್ನ ಹತ್ತಿರ ಹೇಳುವುದಕ್ಕೇನೂ ಇಲ್ಲ, ಹಾಗಲಕಾಯಿ ರಸ ಕುಡಿದುಕೊಳ್ಳಿ.

2. ನೀರು

ಎಲ್ಲರೂ ಹಾಪ್ಸ್ ಬಗ್ಗೆ ಕೇಳುತ್ತಾರೆ, ನೀರಿನ ಬಗ್ಗೆ ಯಾರೂ ಕೇಳುವುದಿಲ್ಲ. ಇಂಗ್ಲೆಂಡಿನ ಬರ್ಟನ್ ಊರಿನವರು 1820ರ ದಶಕದಲ್ಲಿ ಇಂಡಿಯಾ ವ್ಯಾಪಾರಕ್ಕೆ ಇಳಿದು ಗೆದ್ದರಲ್ಲ, ಅದಕ್ಕೆ ಒಂದು ಕಾರಣ ಅಲ್ಲಿಯ ಬಾವಿನೀರು. ಅದರಲ್ಲಿ ಜಿಪ್ಸಂ ಜಾಸ್ತಿ. ಜಿಪ್ಸಂನಲ್ಲಿರುವ ಸಲ್ಫೇಟ್ ಕಹಿಯನ್ನು ಚೂಪಾಗಿಸುತ್ತದೆ, ಬಾಯಿ ಒಣಗಿದ ಹಾಗೆ ಮಾಡುತ್ತದೆ. ಕ್ಲೋರೈಡ್ ಇದಕ್ಕೆ ಉಲ್ಟಾ, ದುಂಡಗೆ, ತುಂಬಿದ ಹಾಗೆ ಮಾಡುತ್ತದೆ.

ನಾನಿರುವ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಬುಲ್ ರನ್ ಅನ್ನುವ ಜಲಾಶಯದ ನೀರು ಬರುತ್ತದೆ. ತುಂಬಾ ಮೆದು ನೀರು, ಉಪ್ಪಿನಂಶ ಇಲ್ಲವೆನ್ನುವಷ್ಟು ಕಡಿಮೆ. ನಾನು 29 ಲೀಟರಿಗೆ 7 ಗ್ರಾಂ ಜಿಪ್ಸಂ, 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತೇನೆ. ಇದರಿಂದ ಲೀಟರಿಗೆ ಸುಮಾರು 135 ಮಿಲಿಗ್ರಾಂ ಸಲ್ಫೇಟ್, 33 ಮಿಲಿಗ್ರಾಂ ಕ್ಲೋರೈಡ್ ಸಿಗುತ್ತದೆ. ನಿಮ್ಮೂರಿನ ನೀರು ಗಡಸಾಗಿದ್ದರೆ ಈ ಅಳತೆ ಕಣ್ಣುಮುಚ್ಚಿ ಹಾಕಬೇಡಿ. ನೀರಿನ ಇಲಾಖೆಯ ವಾರ್ಷಿಕ ವರದಿಯಲ್ಲಿ ಎಷ್ಟಿದೆ ನೋಡಿ, ಉಳಿದದ್ದನ್ನು ಮಾತ್ರ ಸೇರಿಸಿ. ಇಲ್ಲವೇ ಅಂಗಡಿಯ ಡಿಸ್ಟಿಲ್ಡ್ ನೀರು ತಂದು ನನ್ನ ಅಳತೆ ಹಾಕಿ.

ಇನ್ನೊಂದು ಹಳ್ಳ ಇದೆ, ಎಲ್ಲರೂ ಒಮ್ಮೆ ಬೀಳುತ್ತಾರೆ. ನಲ್ಲಿ ನೀರಿನಲ್ಲಿ ಕ್ಲೋರಮೈನ್ (ನೀರು ಶುದ್ಧ ಮಾಡಲು ಹಾಕುವ ರಾಸಾಯನಿಕ) ಇದ್ದರೆ ಅದು ಕುದಿಸಿದರೂ ಸುಲಭಕ್ಕೆ ಹೋಗುವುದಿಲ್ಲ, ಬಿಯರಿಗೆ ಬ್ಯಾಂಡೇಜ್ ವಾಸನೆ ಕೊಡುತ್ತದೆ. ಕ್ಯಾಂಪ್ಡನ್ ಮಾತ್ರೆ ಅಂತ ಸಿಗುತ್ತದೆ, ಸಲ್ಫೈಟ್ ಮಾತ್ರೆ. ಅರ್ಧ ಮಾತ್ರೆ ಪುಡಿ ಮಾಡಿ 29 ಲೀಟರಿಗೆ ಹಾಕಿ ಕಲಕಿ. ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

3. ಧಾನ್ಯ

ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಲ್ಟ್ ಮಾಡುತ್ತಾರಲ್ಲ, ಅದೇ ಕೆಲಸ ಇಲ್ಲಿ ಬಾರ್ಲಿಗೆ ಆಗಿರುತ್ತದೆ. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವಗಳು ಬಿಸಿನೀರಿನಲ್ಲಿ ಎಚ್ಚರಗೊಂಡು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಹೀಗೆ ನೆನೆಸಿಡುವುದಕ್ಕೆ ಮ್ಯಾಶ್ ಅನ್ನುತ್ತಾರೆ. ಬರುವ ಸಿಹಿನೀರು ವರ್ಟ್.

20 ಲೀಟರ್ ಬಿಯರಿಗೆ: ಟು-ರೋ ಪೇಲ್ ಮಾಲ್ಟ್ 5 ಕಿಲೋ, ಮ್ಯೂನಿಕ್ ಮಾಲ್ಟ್ 300 ಗ್ರಾಂ, ಕ್ರಿಸ್ಟಲ್ 40 ಮಾಲ್ಟ್ 100 ಗ್ರಾಂ. ಅಷ್ಟೇ. ಕ್ರಿಸ್ಟಲ್ ಅಂದರೆ ಒಳಗೇ ಸಕ್ಕರೆ ಪಾಕವಾಗಿ ಗಟ್ಟಿಯಾದ ಕಾಳು. ಬಣ್ಣ ಚೆನ್ನ ಅಂತ ಅರ್ಧ ಕಿಲೋ ಸುರಿಯುವವರಿದ್ದಾರೆ. ಆಗ ಟಾಫಿ ರುಚಿ ಬಂದು ಹಾಪ್ಸ್ ಘಮ ಅದರೊಳಗೆ ಮುಳುಗುತ್ತದೆ. ಐದಾರು ಬಗೆಯ ಮಾಲ್ಟ್ ಹಾಕಿದರೆ ಯಾವುದು ಏನು ಮಾಡಿತು ಅಂತ ಆಮೇಲೆ ಹೇಳಲು ಆಗುವುದಿಲ್ಲ.

29 ಲೀಟರ್ ನೀರು 69 ಡಿಗ್ರಿಗೆ ಕಾಯಿಸಿ, ಚೀಲ ಇಳಿಸಿ, ಧಾನ್ಯ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಕಿ. ಗಂಟು ಕಟ್ಟಿದರೆ ರಾಗಿಮುದ್ದೆಯ ಗಂಟಿನ ಹಾಗೆ ಒಳಗೆ ಹಿಟ್ಟು ಒಣಗಿಯೇ ಉಳಿಯುತ್ತದೆ. ತಾಪ 65–66 ಡಿಗ್ರಿ ಸೆಲ್ಸಿಯಸ್‌ಗೆ ಬಂದು ನಿಲ್ಲಬೇಕು. ಮುಚ್ಚಿ, ಕಂಬಳಿ ಸುತ್ತಿ, ಒಂದು ಗಂಟೆ ಬಿಡಿ. 69–70 ಡಿಗ್ರಿಯಲ್ಲಿ ನೆನೆಸಿದರೆ ಯೀಸ್ಟ್ ತಿನ್ನಲಾಗದ ಸಕ್ಕರೆ ಜಾಸ್ತಿ ಉಳಿದು ಬಿಯರ್ ದಪ್ಪಗಾಗುತ್ತದೆ. ನಿಮ್ಮ ಥರ್ಮಾಮೀಟರ್ ಸುಳ್ಳು ಹೇಳುತ್ತಿದೆಯಾ ಅಂತ ಮೊದಲೇ ಐಸ್‌ನೀರಿನಲ್ಲೂ ಕುದಿಯುವ ನೀರಿನಲ್ಲೂ ಅದ್ದಿ ನೋಡಿ. ಎರಡು ಡಿಗ್ರಿ ತಪ್ಪಿದ್ದರೆ ಉಳಿದ ಲೆಕ್ಕವೆಲ್ಲ ತಪ್ಪು. ಗಂಟೆಯ ನಂತರ ಚೀಲ ಎತ್ತಿ ಸೋರಲು ಬಿಡಿ, ಮೆಲ್ಲಗೆ ಹಿಂಡಿ. ಸುಮಾರು 24–25 ಲೀಟರ್ ವರ್ಟ್ ಉಳಿಯುತ್ತದೆ.

4. ಹಾಪ್ಸ್

ಹಾಪ್ಸ್ ಒಂದು ಬಳ್ಳಿಯ ಹೂವು, ಪೆಲೆಟ್, ಅಂದರೆ ಒತ್ತಿದ ಸಣ್ಣ ಗುಳಿಗೆ, ರೂಪದಲ್ಲಿ ಸಿಗುತ್ತದೆ. ಅಮೆರಿಕದ ಹಾಪ್ಸ್‌ನಲ್ಲಿ ಬಹುಪಾಲು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯದು. ಪ್ಯಾಕೆಟ್ ಮೇಲೆ ಎರಡು ವಿಷಯ ನೋಡಿ: ಕೊಯ್ಲಿನ ವರ್ಷ, ಆಲ್ಫಾ ಆಮ್ಲದ ಶೇಕಡಾ. ಕುದಿಸಿದಾಗ ಕಹಿಯಾಗುವುದು ಈ ಆಲ್ಫಾ ಆಮ್ಲ. ಘಮ ಕೊಡುವುದು ಅದರ ಎಣ್ಣೆ, ಅದು ಕುದಿತದಲ್ಲಿ ಹಾರಿಹೋಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪು ಯಾವಾಗ ಹಾಕುತ್ತೀರಿ? ಕೊನೆಗೆ ಅಲ್ವಾ. ಇಲ್ಲೂ ಹಾಗೇ, ಬೇಗ ಹಾಕಿದ್ದು ಕಹಿಗೆ, ತಡವಾಗಿ ಹಾಕಿದ್ದು ಘಮಕ್ಕೆ.

ಕುದಿ ಶುರುವಾದಾಗ ಮ್ಯಾಗ್ನಮ್ ಜಾತಿಯ ಹಾಪ್ಸ್ 25 ಗ್ರಾಂ (ಆಲ್ಫಾ 13% ಅಂತ ಇಟ್ಟುಕೊಂಡಿದ್ದೇನೆ), ಒಂದು ಗಂಟೆ ಕುದಿಯಲಿ. ಇದರಿಂದಲೇ 34 ಐಬಿಯು ಬರುತ್ತದೆ. ಕೊನೆಯ 10 ನಿಮಿಷ ಇರುವಾಗ ಸೆಂಟೆನಿಯಲ್ 25 ಗ್ರಾಂ. ಒಲೆ ಆರಿಸಿ, 80 ಡಿಗ್ರಿಗೆ ಇಳಿದ ಮೇಲೆ ಸಿಟ್ರಾ 25, ಸಿಮ್ಕೋ 25 ಗ್ರಾಂ ಹಾಕಿ 20 ನಿಮಿಷ ಸುಮ್ನೆ ಬಿಡಿ. ಇದಕ್ಕೆ ವರ್ಲ್‌ಪೂಲ್ ಅನ್ನುತ್ತಾರೆ. ಕುದಿಯುವಾಗಲೇ ಹಾಕಿದರೆ ಕಹಿ ಲೆಕ್ಕಕ್ಕಿಂತ ಜಾಸ್ತಿ ಬರುತ್ತದೆ, ತಾಪ ಇಳಿಯುವ ತನಕ ಕಾಯಿರಿ. ಹುದುಗಿದ ಮೇಲೆ ತಣ್ಣಗೆ ನೆನೆಸುವುದಕ್ಕೆ, ಅಂದರೆ ಡ್ರೈ ಹಾಪ್‌ಗೆ, ಸಿಟ್ರಾ 50, ಸಿಮ್ಕೋ 50 ಗ್ರಾಂ ಬೇರೆ ಎತ್ತಿಡಿ, ಫ್ರೀಜರಿನಲ್ಲಿ, ಗಾಳಿಯಾಡದಂತೆ.

ಯಾವ ಹಾಪ್ಸ್ ಹೇಗಿರುತ್ತದೆ? ಕ್ಯಾಸ್ಕೇಡ್ (1972ರದು, ಈ ಶೈಲಿಯ ಅಜ್ಜಿ) ಹೂವು, ಚಕ್ಕೋತ. ಸೆಂಟೆನಿಯಲ್ ನಿಂಬೆ, ಹೂವು. ಸಿಮ್ಕೋ ಪೈನ್ ಮರದ ಅಂಟು. ಸಿಟ್ರಾ ನಿಂಬೆ, ಲಿಚಿ. ಮೊಸಾಯಿಕ್ ಮಾವು, ಬೆರಿ. ದೇವನಹಳ್ಳಿ ಚಕ್ಕೋತ ತಿಂದು ಬೆಳೆದವರಿಗೆ ಕ್ಯಾಸ್ಕೇಡ್ ಅರ್ಥ ಮಾಡಿಸಬೇಕಿಲ್ಲ. ನೀವೇ ತಿಳಿಯಲು ಅಗ್ಗದ ದಾರಿ ಒಂದಿದೆ. ಸಪ್ಪೆ ಲೈಟ್ ಲಾಗರ್ ಬಾಟಲಿ ನಾಲ್ಕು ತನ್ನಿ, ಚೆನ್ನಾಗಿ ತಣ್ಣಗಾದ ಮೇಲೆ ಒಂದೊಂದರಲ್ಲೂ ಒಂದೊಂದು ಜಾತಿಯ 2 ಗ್ರಾಂ ಪೆಲೆಟ್ ಹಾಕಿ, ತಕ್ಷಣ ಮುಚ್ಚಿ, ಎರಡು ಮೂರು ದಿನ ಫ್ರಿಜ್ಜಿನಲ್ಲಿಡಿ. ಸಿಂಕ್ ಮೇಲೆಯೇ ಹಾಕಿ, ನೊರೆ ಉಕ್ಕುತ್ತದೆ.

ನಾಯಿ ಇರುವವರಿಗೆ: ಹಾಪ್ಸ್ ನಾಯಿಗೆ ವಿಷ, ಮೈಕಾವು ಏರಿ ಸಾಯಬಹುದು. ಬಳಸಿದ ಹಾಪ್ಸ್ ಹಿತ್ತಲಿಗೆ ಎಸೆಯಬೇಡಿ.

5. ತಣಿಸಿ, ಯೀಸ್ಟ್ ಹಾಕಿ

ವರ್ಟ್ ಬೇಗ 18–20 ಡಿಗ್ರಿಗೆ ಇಳಿಯಬೇಕು, ತಾಮ್ರದ ಸುರುಳಿ ಚಿಲ್ಲರ್ ಇದ್ದರೆ ಅರ್ಧ ಗಂಟೆ. ಇಲ್ಲಿಂದ ಮುಂದೆ ತಾಗುವ ಪ್ರತಿಯೊಂದೂ ಸ್ಯಾನಿಟೈಸ್ ಆಗಿರಬೇಕು. ಗ್ರ್ಯಾವಿಟಿ ಅಳೆದು ಬರೆಯಿರಿ. 1.060 ಬರಲಿಲ್ಲ, 1.054 ಬಂತು ಅಂತ ಗಾಬರಿ ಬೇಡ. ನಿಮ್ಮ ಪಾತ್ರೆಯ ಕಸುವು ಎಷ್ಟು ಅಂತ ತಿಳಿಯಿತು, ಮುಂದಿನ ಸಲ ಅರ್ಧ ಕಿಲೋ ಮಾಲ್ಟ್ ಜಾಸ್ತಿ.

ಯುಎಸ್-05 ಒಣ ಯೀಸ್ಟ್ 11.5 ಗ್ರಾಂ ಪ್ಯಾಕೆಟ್ ಒಂದು ಸಾಕು. ತನ್ನ ರುಚಿ ತುರುಕುವುದಿಲ್ಲ, ಹಾಪ್ಸ್‌ಗೆ ಜಾಗ ಬಿಡುತ್ತದೆ. ಚಳಿಗೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲ ಅಂತ ಓವನ್ನಿನಲ್ಲಿ ಲೈಟ್ ಹಾಕಿ ಇಡುವ ನಮಗೆ ಬೆಚ್ಚಗೆ ಇಟ್ಟರೆ ಒಳ್ಳೆಯದು ಅನ್ನಿಸುತ್ತದೆ. ಇಲ್ಲಿ ಅದು ತಪ್ಪು. ಹುದುಗುವಾಗ ಅದೇ ಬಿಸಿ ಹುಟ್ಟಿಸುತ್ತದೆ, ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಮೇಲೇ ಇರುತ್ತದೆ. ಮೊದಲ ನಾಲ್ಕು ದಿನ ಡಬ್ಬದ ಮೈ 18–19 ಡಿಗ್ರಿ ಇರಲಿ, ಆಮೇಲೆ 21ಕ್ಕೆ ಏರಲು ಬಿಡಿ. ಏರ್‌ಲಾಕ್ ಗುಳುಗುಳು ನಿಂತಿತು ಅಂದರೆ ಮುಗಿಯಿತು ಅಂತಲ್ಲ. ಮೂರು ದಿನ ಬಿಟ್ಟು ಅಳೆದರೂ ಹೈಡ್ರೋಮೀಟರ್ ಅದೇ ಅಂಕಿ ತೋರಿಸಿದರೆ ಮುಗಿಯಿತು. ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಉಪಕರಣ) ಇರುವವರು ಗಮನಿಸಿ, ಆಲ್ಕೋಹಾಲ್ ಬಂದ ಮೇಲೆ ಅದು ತೋರಿಸುವ ಅಂಕಿಯನ್ನು ಹಾಗೇ ನಂಬುವಂತಿಲ್ಲ.

6. ಡ್ರೈ ಹಾಪ್, ಮತ್ತು ಗಾಳಿ ಎಂಬ ಶತ್ರು

ಎತ್ತಿಟ್ಟ 100 ಗ್ರಾಂ ಈಗ ಹಾಕಿ. ಲೀಟರಿಗೆ 5 ಗ್ರಾಂ ಆಯಿತು. ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯವರು ಇದನ್ನೇ ಅಳೆದು ನೋಡಿದ್ದಾರೆ: ಲೀಟರಿಗೆ 8 ಗ್ರಾಂ ದಾಟಿದರೆ ಹಣ್ಣಿನ ಘಮ ಅದಕ್ಕೆ ತಕ್ಕಂತೆ ಏರುವುದಿಲ್ಲ, ಸೊಪ್ಪು–ಟೀ ಥರದ ವಾಸನೆ ಮುಂದೆ ಬರುತ್ತದೆ. ಎರಡು ಮೂರು ದಿನ ಸಾಕು. ವಾರಗಟ್ಟಲೆ ಬಿಟ್ಟರೆ ಹಸಿ ಹುಲ್ಲು.

ಹಾಪ್ಸ್‌ನಲ್ಲೂ ಸ್ವಲ್ಪ ಕಿಣ್ವ ಇರುತ್ತದೆ. ಉಳಿದ ಸಕ್ಕರೆಯನ್ನು ಅದು ಒಡೆದು ಕೊಟ್ಟಾಗ ಯೀಸ್ಟ್ ಮತ್ತೆ ಎದ್ದು ಕೂರುತ್ತದೆ. ಇದಕ್ಕೆ ಹಾಪ್ ಕ್ರೀಪ್ ಅಂತ ಹೆಸರು. ಇದನ್ನು ನೋಡದೆ ಬಾಟಲಿಗೆ ತುಂಬಿದರೆ ಒತ್ತಡ ಏರಿ ಗಾಜು ಸಿಡಿಯಬಹುದು. ಡ್ರೈ ಹಾಪ್ ನಂತರವೂ ಮತ್ತೆ ಗ್ರ್ಯಾವಿಟಿ ಅಳೆಯಿರಿ, ಇಳಿಯುತ್ತಿದ್ದರೆ ಕಾಯಿರಿ. ಬೆಣ್ಣೆ ವಾಸನೆ ಇದೆಯಾ ಅಂತಲೂ ನೋಡಿ: ಸ್ವಲ್ಪ ಬಿಯರ್ ಮುಚ್ಚಿದ ಗ್ಲಾಸಿನಲ್ಲಿ ಹಾಕಿ, 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ ಮೂಸಿ. ಪಾಪ್‌ಕಾರ್ನ್ ನೆನಪಾದರೆ ಇನ್ನೂ ಎರಡು ಮೂರು ದಿನ ಬೆಚ್ಚಗೆ ಬಿಡಿ, ಯೀಸ್ಟ್ ಅದನ್ನು ತಾನೇ ತಿಂದುಕೊಳ್ಳುತ್ತದೆ.

ಮನೆಯ ಐಪಿಎ ಕೆಡುವುದಕ್ಕೆ ಮೊದಲ ಕಾರಣ ಗಾಳಿ, ಬೇರೇನೂ ಅಲ್ಲ. ನನ್ನ ಎರಡನೇ ಬ್ಯಾಚಿನಲ್ಲಿ ದಿನಾ ಮುಚ್ಚಳ ತೆಗೆದು ಮೂಸಿದೆ, ತಿಂಗಳೊಳಗೆ ಬಂಗಾರದ ಬಣ್ಣ ಕಂದಾಗಿ ಒದ್ದೆ ರಟ್ಟಿನ ರುಚಿ ಬಂತು. ಮುಚ್ಚಳ ಒಂದೇ ಸಲ ತೆಗೆಯಿರಿ. ವರ್ಗಾಯಿಸುವಾಗ ಕೊಳವೆ ತಳ ಮುಟ್ಟಿರಲಿ, ಸುರಿಯುವ ಸದ್ದು ಬರಬಾರದು. ಫ್ರಿಜ್ಜಿನಲ್ಲಿಟ್ಟು ತಣಿಸಿದರೆ ಡಬ್ಬ ಒಳಗೆ ಗಾಳಿ ಎಳೆದುಕೊಳ್ಳುತ್ತದೆ, ಅದನ್ನು ತಡೆಯಲು ವ್ಯವಸ್ಥೆ ಇಲ್ಲದಿದ್ದರೆ ತಣಿಸಬೇಡಿ, ಸ್ವಲ್ಪ ಮಬ್ಬಾದರೆ ಆಗಲಿ. ಕೆಗ್ (ಬಿಯರ್ ತುಂಬಿಡುವ ಲೋಹದ ಪೀಪಾಯಿ) ಇರುವವರು ಮೊದಲು ಅದನ್ನು ಇಂಗಾಲದ ಡೈಆಕ್ಸೈಡ್‌ನಿಂದ ತುಂಬಿಸಿಕೊಳ್ಳಿ.

ಬಾಟಲಿಗಾದರೆ 20 ಲೀಟರಿಗೆ 120 ಗ್ರಾಂ ಸಕ್ಕರೆ, ಒಂದು ಲೋಟ ನೀರಿನಲ್ಲಿ ಕುದಿಸಿ, ಮೆಲ್ಲಗೆ ಬೆರೆಸಿ. ಕಂದು ಗಾಜಿನ ಬಾಟಲಿಯೇ ಆಗಲಿ, ಬೆಳಕು ತಾಗಿದರೆ ಕೆಟ್ಟ ನಾತ. ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯಲ್ಲೂ ತುಂಬಿಡಿ, ಅದು ಕಲ್ಲಿನ ಹಾಗೆ ಬಿಗಿಯಾದರೆ ಗ್ಯಾಸ್ ಸೇರಿದೆ ಅಂತ ಗೊತ್ತಾಗುತ್ತದೆ. ಎರಡು ವಾರ ಕೋಣೆಯಲ್ಲಿ, ಆಮೇಲೆ ಫ್ರಿಜ್ಜಿನಲ್ಲಿ. ಒಂದೂವರೆ ತಿಂಗಳೊಳಗೆ ಮುಗಿಸಿ.

7. ಕುಡಿಯುವುದಲ್ಲ, ರುಚಿ ನೋಡುವುದು

ನೋಟ್‌ಬುಕ್ ತೆಗೆಯಿರಿ. "ಚೆನ್ನಾಗಿದೆ" ಅಂತ ಬರೆಯಬೇಡಿ. ಘಮ, ಕಹಿ, ಸಿಹಿ, ಬಾಯಿಯ ತೂಕ, ನುಂಗಿದ ಮೇಲೆ ಏನು ಉಳಿಯಿತು, ಬೇರೆ ಬೇರೆ ಬರೆಯಿರಿ. ನಮಗೊಂದು ಅನುಕೂಲ ಇದೆ. ಕಹಿ ಬೇರೆ, ಒಗರು ಬೇರೆ ಅಂತ ಚಿಕ್ಕಂದಿನಿಂದ ಗೊತ್ತು. ಹಾಗಲಕಾಯಿ ನಾಲಿಗೆಗೆ, ಬಾಳೆಕಾಯಿ–ಅಡಿಕೆ ಒಸಡಿಗೆ. "ಕಹಿ ಜಾಸ್ತಿ ಆಯ್ತು" ಅಂತ ನನಗೆ ಬರೆಯುವವರಲ್ಲಿ ಹೆಚ್ಚಿನವರ ತೊಂದರೆ ಒಗರು. ಅದಕ್ಕೆ ಮ್ಯಾಗ್ನಮ್ ಕಡಿಮೆ ಮಾಡಿ ಏನೂ ಪ್ರಯೋಜನವಿಲ್ಲ.

ಎರಡನೇ ಬ್ಯಾಚಿನಲ್ಲಿ ಏನೂ ಬದಲಿಸಬೇಡಿ. ಇದು ಯಾರಿಗೂ ಇಷ್ಟವಾಗದ ಸಲಹೆ ಅಂತ ಗೊತ್ತು. ಆದರೆ ಅದೇ ರೆಸಿಪಿ ಎರಡು ಸಲ ಅದೇ ಬಿಯರ್ ಕೊಡದಿದ್ದರೆ ತಿದ್ದಬೇಕಾದ್ದು ನಿಮ್ಮ ಕೈಯನ್ನು, ರೆಸಿಪಿಯನ್ನಲ್ಲ.

8. ಮೂರನೆಯದರಿಂದ ತಿದ್ದಿ, ಒಂದೊಂದೇ

ಒಗರು ಇದ್ದರೆ: ಡ್ರೈ ಹಾಪ್ ದಿನ ಕಡಿಮೆ ಮಾಡಿ, ಚೀಲ ಹಿಂಡುವುದು ನಿಲ್ಲಿಸಿ. ನಿಜವಾದ ಕಹಿಯೇ ಜಾಸ್ತಿ ಇದ್ದರೆ ಮ್ಯಾಗ್ನಮ್ 20 ಗ್ರಾಂ.

ಸಿಹಿ ಉಳಿದು 1.016ರಲ್ಲಿ ನಿಂತಿದ್ದರೆ: ಮ್ಯಾಶ್ 64 ಡಿಗ್ರಿಗೆ ಇಳಿಸಿ. ಅದೂ ಸಾಲದಿದ್ದರೆ ಮುಂದಿನ ಸಲ ಕ್ರಿಸ್ಟಲ್ ಬಿಡಿ, ಅದಾದ ಮೇಲೆ 400 ಗ್ರಾಂ ಪೇಲ್ ಮಾಲ್ಟ್ ತೆಗೆದು 250 ಗ್ರಾಂ ಸಾದಾ ಸಕ್ಕರೆ ಕುದಿಯುವಾಗ ಹಾಕಿ. ಒಣಗುತ್ತದೆ, ಶಕ್ತಿ ಅಷ್ಟೇ ಇರುತ್ತದೆ.

ಘಮ ಇಲ್ಲದಿದ್ದರೆ: ಇನ್ನೂ 100 ಗ್ರಾಂ ಕೊಳ್ಳುವ ಮುಂಚೆ ಕೊಯ್ಲಿನ ವರ್ಷ ನೋಡಿ, ಗಾಳಿ ಎಲ್ಲಿ ಹೊಕ್ಕಿತು ಯೋಚಿಸಿ. ಮೊದಲ ವಾರ ಘಮ ಇದ್ದು ಆಮೇಲೆ ಹೋಯಿತು ಅಂದರೆ ಗಾಳಿಯೇ. ಈರುಳ್ಳಿ–ಬೆಳ್ಳುಳ್ಳಿ ವಾಸನೆ ಬಂದರೆ ಹಾಪ್ಸ್ ಪ್ಯಾಕೆಟ್ಟಿನದೇ ಗುಣ, ಬೇರೆ ಕೊಯ್ಲಿನದು ತನ್ನಿ.

ಮಂಕು, ಚಪ್ಪಟೆ ಅನ್ನಿಸಿದರೆ: ಜಿಪ್ಸಂ 7ರಿಂದ 9 ಗ್ರಾಂ ಮಾಡಿ ನೋಡಿ. ಇದನ್ನು ಲೋಟದಲ್ಲೇ ಪರೀಕ್ಷಿಸಬಹುದು, ಚಿಟಿಕೆ ಜಿಪ್ಸಂ ನೀರಿನಲ್ಲಿ ಕಲಸಿ ಬಿಯರಿಗೆ ಒಂದೆರಡು ಹನಿ ಬಿಟ್ಟು ರುಚಿ ನೋಡಿ.

ಹಾಪ್ಸ್ ಜೋಡಿ ಬದಲಿಸುವ ಆಸೆ ತಡೆಯಲಾಗದಿದ್ದರೆ ಒಂದೇ ವರ್ಟ್ ಅನ್ನು 10 ಲೀಟರಿನ ಎರಡು ಡಬ್ಬಕ್ಕೆ ಹಂಚಿ. ಒಂದಕ್ಕೆ ಹಳೆ ಡ್ರೈ ಹಾಪ್, ಇನ್ನೊಂದಕ್ಕೆ ಸಿಟ್ರಾ ಜೊತೆ ಮೊಸಾಯಿಕ್. ಆಮೇಲೆ ಸ್ನೇಹಿತರನ್ನು ಕರೆದು "ಯಾವುದು ಚೆನ್ನ?" ಅಂತ ಕೇಳಬೇಡಿ, ನಿಮ್ಮ ಮುಖ ನೋಡಿ ಹೇಳುತ್ತಾರೆ. ಪ್ರತಿಯೊಬ್ಬರಿಗೂ ಮೂರು ಲೋಟ ಕೊಡಿ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹುಡುಕಲಿ. ಇದು ತ್ರಿಕೋನ ಪರೀಕ್ಷೆ. ಆರು ಜನರಲ್ಲಿ ಐದು ಜನ, ಹನ್ನೆರಡರಲ್ಲಿ ಎಂಟು ಜನ ಸರಿಯಾಗಿ ಹುಡುಕಿದರೆ ವ್ಯತ್ಯಾಸ ನಿಜ ಅಂತ ಇಟ್ಟುಕೊಳ್ಳಬಹುದು. ಅದಕ್ಕಿಂತ ಕಡಿಮೆ ಇದ್ದರೆ ಅಗ್ಗದ ಹಾಪ್ಸ್ ಆರಿಸಿಕೊಳ್ಳಿ.

9. ಹೊಸ ಕೊಯ್ಲು ಬಂದಾಗ

ರೆಸಿಪಿ ಕೂತಿತು, ನಾಲ್ಕನೇ ಬ್ಯಾಚ್ ಎಲ್ಲರೂ ಮತ್ತೆ ಕೇಳಿ ಕುಡಿದರು ಅನ್ನಿ. ಆಗಸ್ಟ್–ಸೆಪ್ಟೆಂಬರಿನಲ್ಲಿ ಹೊಸ ಕೊಯ್ಲು ಆಗುತ್ತದೆ, ಆಲ್ಫಾ ಬದಲಾಗುತ್ತದೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ "ಮ್ಯಾಗ್ನಮ್ 25 ಗ್ರಾಂ" ಅಂತ ಮಾತ್ರ ಬರೆಯಬೇಡಿ, ಗ್ರಾಂ ಮತ್ತು ಶೇಕಡಾ ಗುಣಿಸಿ ಬರೆಯಿರಿ: 25 × 13 = 325. ಹೊಸ ಪ್ಯಾಕೆಟ್ ಮೇಲೆ 11.5% ಅಂತಿದ್ದರೆ 325 ಅನ್ನು 11.5ರಿಂದ ಭಾಗಿಸಿ, 28 ಗ್ರಾಂ ತೂಗಿ. ಇದು ಕುದಿಸುವ ಹಾಪ್ಸ್‌ಗೆ ಮಾತ್ರ. ಡ್ರೈ ಹಾಪ್‌ಗೆ ಯಾವ ಲೆಕ್ಕವೂ ಇಲ್ಲ, ಪ್ಯಾಕೆಟ್ ಒಡೆದು, ಎರಡು ಪೆಲೆಟ್ ಅಂಗೈಯಲ್ಲಿ ಉಜ್ಜಿ ಮೂಸಿ.